ಬೇ.ಪ.

ಮಾರ್ಚ್ ೪

ಪ್ರೀತಿಯ ಅಕ್ಕಾ,

ಇವತ್ತು ಬೆಳಿಗ್ಗೆ ಶೀತಕೋಣೆಯ ಬಾಗಿಲನ್ನು ಒಳಗಿನಿಂದ ಎಳೆದುಕೊಂಡಾಗ, ಅದರ ಹಿಂದಿನ ಮೊಳೆಯಲ್ಲಿ ಒಂದು ಹಳದಿ ಸ್ವೆಟರ್ ಕಂಡಿತು. ಎರಡೂ ಮೊಣಕೈ ಸವೆದು ಜಾಳಾಗಿವೆ. ಬಲಗಡೆಯ ಜೇಬಿನಲ್ಲಿ ಎರಡು ರಬ್ಬರ್ ಬ್ಯಾಂಡ್, ಒಂದು ಚಾಕೊಲೇಟ್ ಕಾಗದ. ಅಮ್ಮನದೇ. ಚಾಕೊಲೇಟ್ ಕಾಗದವನ್ನು ಹಾಗೆ ನಾಲ್ಕು ಮಡಿಕೆ ಮಾಡಿ ಇಟ್ಟುಕೊಳ್ಳುವವರು ಬೇರೆ ಯಾರೂ ನನಗೆ ಗೊತ್ತಿಲ್ಲ. ಮನೆಯಲ್ಲಿ ಈ ಸ್ವೆಟರನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಮುಟ್ಟಿ ನೋಡಿ ಅಲ್ಲೇ ಬಿಟ್ಟೆ.

ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’ ಆದ ಮೇಲೆ ಒಬ್ಬರ ಉಸಿರು ಇನ್ನೊಬ್ಬರು ಕೇಳಿಸಿಕೊಳ್ಳುತ್ತಾ ಕೂರುತ್ತೇವೆ. “ಬಾಯಿ ಬಿಡೋಕಾಗಲ್ಲ ಅಂದ್ರೆ ಬರೆದಾದ್ರೂ ಸಾಯಿ” ಎಂದು ನೀನು ಬೈದದ್ದು ಒಳ್ಳೆಯದಾಯಿತು. ಬರೆಯುತ್ತಿದ್ದೇನೆ.

ಅಮ್ಮನ ಪ್ರಯೋಗಾಲಯದಲ್ಲಿ ನನ್ನನ್ನು ಆರು ತಿಂಗಳ ಮಟ್ಟಿಗೆ ತೆಗೆದುಕೊಂಡಿದ್ದಾರೆ. ಮುಖ್ಯಸ್ಥೆ ಮೇಡಂ ತಾವೇ ಕರೆದು ಹೇಳಿದರು: “ಸಾಹಿತ್ಯ ಓದಿದವಳಿಗೆ ಮಣ್ಣಿನ ಹತ್ರ ಏನು ಕೆಲಸ ಅಂದ್ಕೋಬೇಡ. ನಿಮ್ಮಮ್ಮನ ಅಕ್ಷರ ಓದೋಕೆ ಇಲ್ಲಿ ಯಾರಿಗೂ ಬರಲ್ಲ. ನಿನಗೆ ಬರುತ್ತೆ.” ಕೆಲಸ ಇಷ್ಟೇ. ಅಮ್ಮ ಹತ್ತೊಂಬತ್ತು ವರ್ಷ ತಂದಿಟ್ಟ ಮಣ್ಣಿನ ಚೀಲಗಳ ಮೇಲೆ ಚೀಟಿಗಳಿವೆ. ಚೀಟಿಯಲ್ಲಿರುವುದನ್ನು ಬಿಡಿಸಿ, ಪೂರ್ತಿ ಪದಗಳಲ್ಲಿ ರಿಜಿಸ್ಟರಿಗೆ ಬರೆಯಬೇಕು. ನಿನಗೆ ಗೊತ್ತಲ್ಲ, ಅಮ್ಮ ಯಾವುದನ್ನೂ ಪೂರ್ತಿ ಬರೆದವಳಲ್ಲ.

ಶೀತಕೋಣೆಯಲ್ಲಿ ಹತ್ತು ನಿಮಿಷಕ್ಕೆ ಬೆರಳು ಮರಗಟ್ಟುತ್ತವೆ. ಹೊರಗೆ ಬಂದರೆ ಸರಿಹೋಗುತ್ತವೆ. ಉಳಿದದ್ದು ಹಾಗೇ ಇರುತ್ತದೆ. ಊಟ ಮಾಡುತ್ತೇನೆ, ನಿದ್ದೆಯೂ ಬರುತ್ತದೆ. ಅಮ್ಮ ಹೋದ ಮೇಲೆ ಅಳು ಬಂದಿಲ್ಲ. ಬರಬೇಕಾಗಿತ್ತಲ್ಲವೇ ಎಂದು ಕೆಲವೊಮ್ಮೆ ಲೆಕ್ಕ ತಪ್ಪಿದವಳ ಹಾಗೆ ನೋಡಿಕೊಳ್ಳುತ್ತೇನೆ.

ಅಡುಗೆಮನೆಯ ಡ್ರಾಯರಿನಲ್ಲಿ ಒಂದು ಪುಟ್ಟ ಮೆತ್ತನೆಯ ಬ್ರಷ್ ಸಿಕ್ಕಿತು. ಮರದ ಹಿಡಿ. ಯಾತಕ್ಕೆಂದು ತಿಳಿಯಲಿಲ್ಲ. ನಿನ್ನ ಬೇಕರಿಗೆ ಆದೀತೆಂದು ಇದರ ಜೊತೆ ಕಳಿಸಿದ್ದೇನೆ.

ನಿ.ತಂ.


ಮಾರ್ಚ್ ೧೭

ಲೇ ಪೆನ್ಸಿಲ್ಲು,

ಬ್ರಷ್ ಬಂತು. ಬನ್ನಿನ ನೆತ್ತಿಗೆ ಹಾಲು ಸವರೋಕೆ ಹೇಳಿ ಮಾಡಿಸಿದ ಹಾಗಿದೆ. ದಿನಕ್ಕೆ ಇನ್ನೂರು ಬನ್ನು ಅದರಿಂದಲೇ ಹೊಳೆಯುತ್ತಿವೆ. ಇಲ್ಲಿ ನನ್ನ ಜೊತೆ ಹಿಟ್ಟು ನಾದುವವಳು ಕೇಳಿದಳು, “ಎಲ್ಲಿ ತಗೊಂಡ್ರಿ?” “ಆಸ್ತಿ ಭಾಗ ಆಯ್ತು, ನನ್ನ ಪಾಲಿಗೆ ಇದು ಬಂತು” ಎಂದೆ. ನಕ್ಕಳು. ನಾನೂ ನಕ್ಕೆ. ನಗು ಬರುತ್ತದೆ ಕಣೇ, ಅದೇ ಸೋಜಿಗ.

ಆ ಹಳದಿ ಸ್ವೆಟರ್ ನಾನು ಕಳಿಸಿದ್ದು. ನಾಲ್ಕು ವರ್ಷದ ಹಿಂದೆ, ಜಗಳ ಆದ ಮೇಲೆ, ರಾಜಿಗೆ ಅಂತ. ಜಗಳ ನಿನಗೆ ನೆನಪಿರಬೇಕು. ‘ಕೆಲಸ ಬಿಟ್ಟು ನನ್ನ ಹತ್ರ ಬಾ’ ಅಂದೆ, ‘ನನ್ನ ಪ್ರಯೋಗದ ತಾಕು ಬಿಟ್ಟು ಹೇಗೆ ಬರಲಿ’ ಅಂದಳು. ‘ನಿನಗೆ ಮೂರು ಮಕ್ಕಳು, ಹಿರಿಯದು ಆ ಮಣ್ಣು’ ಅಂದೆ. ಅಮ್ಮ ಇಲ್ಲ ಅನ್ನಲಿಲ್ಲ. ಆಮೇಲೆ ಸ್ವೆಟರ್ ಕಳಿಸಿದರೆ ಬಣ್ಣಕ್ಕೆ ಹೆಸರಿಟ್ಟು ಒಂದು ಕಾರ್ಡ್ ಹಾಕಿದಳು. ಅಲ್ಲಿಗೆ ನಾನೂ ಪತ್ರ ನಿಲ್ಲಿಸಿದೆ. ಇಷ್ಟವಿಲ್ಲದ ಸ್ವೆಟರನ್ನು ಮೊಣಕೈ ಸವೆಯುವಷ್ಟು ಯಾಕೆ ಹಾಕಿಕೊಂಡಳು? ನೀನೇ ಓದಿದವಳು, ಹೇಳು.

ಅಮ್ಮನ ಚೀಟಿ ಬಿಡಿಸುವಾಗ ಹುಷಾರು. ನಿನ್ನ ಒಂಬತ್ತನೇ ಹುಟ್ಟುಹಬ್ಬದ ಕೇಕು ಮರೆತೆಯಾ? ಎರಡು ಡಬ್ಬದ ಮೇಲೂ ‘ಸೋ.’ ಅಂತ ಬರೆದಿಟ್ಟಿದ್ದಳು, ಒಂದು ಅಡುಗೆ ಸೋಡಾ, ಇನ್ನೊಂದು ಬಟ್ಟೆ ಒಗೆಯೋ ಸೋಡಾ. ನಾನು ಯಾವುದು ಹಾಕಿದೆ ಅಂತ ನಿನ್ನ ನಾಲಗೆಗೆ ಗೊತ್ತು.

ಅ.


ಮಾರ್ಚ್ ೩೦

ಪ್ರೀತಿಯ ಅಕ್ಕಾ,

ನಿನ್ನ ಪತ್ರದ ಕೊನೆಯಲ್ಲಿ ‘ಅ.’ ಎಂದು ನೋಡಿ ಲಕೋಟೆಯ ಮೇಲಿನ ವಿಳಾಸವನ್ನು ಇನ್ನೊಮ್ಮೆ ಓದಿದೆ. ಅಮ್ಮನೂ ಹಾಗೆಯೇ ಸಹಿ ಮಾಡುತ್ತಿದ್ದಳು. ಬದಲಿಸಬೇಡ. ಅಭ್ಯಾಸವಾಗುತ್ತದೆ.

ಇಲ್ಲಿ ಮಣ್ಣು ತೂಗುವವರೊಬ್ಬರು ಇದ್ದಾರೆ. ಎಲ್ಲರೂ ತಕ್ಕಡಿ ಅಣ್ಣ ಎನ್ನುತ್ತಾರೆ. ನಿವೃತ್ತಿಗೆ ಇನ್ನೊಂದು ವರ್ಷವಿದೆ. ಅಮ್ಮ ಏನು ಮಾಡುತ್ತಿದ್ದಳು ಎಂದು ಅವರನ್ನು ಕೇಳಿದೆ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು ಈಗ ಕೇಳುತ್ತಿದ್ದೇನೆ ನೋಡು.

ಗಿಡಕ್ಕೆ ರಂಜಕ, ಅದೇ ಫಾಸ್ಫರಸ್, ಬೇಕಂತೆ. ಮಣ್ಣಿನಲ್ಲಿ ಅದು ಬೇಕಾದಷ್ಟಿದ್ದರೂ ಬಹುಪಾಲು ಕೊಳೆತ ಎಲೆ, ಸತ್ತ ಹುಳಗಳೊಳಗೆ ಬೀಗ ಹಾಕಿಕೊಂಡಿರುತ್ತದೆ. ಕಣ್ಣಿಗೆ ಕಾಣದ ಜೀವಿಗಳು ಕಿಣ್ವ ಬಿಟ್ಟು ಆ ಬೀಗ ತೆಗೆಯುತ್ತವೆ. ಗೊಬ್ಬರದಿಂದ ರಂಜಕ ಸುಲಭವಾಗಿ ಸಿಕ್ಕಿತೋ, ಕಿಣ್ವ ಮಾಡುವ ಗೊಡವೆಗೇ ಹೋಗುವುದಿಲ್ಲ. ಅದಕ್ಕೇ ಅಮ್ಮ ಒಂದು ತಾಕಿಗೆ ಹತ್ತೊಂಬತ್ತು ವರ್ಷ ಒಂದು ಚಿಟಿಕೆ ರಂಜಕವನ್ನೂ ಹಾಕಿಸಲಿಲ್ಲ. ಹಸಿದ ಮಣ್ಣು ಏನು ಮಾಡುತ್ತದೆ ಎಂದು ನೋಡುತ್ತಿದ್ದಳು.

ನೋಡುವ ಕ್ರಮ ಹೀಗೆ. ಒಂದು ಗ್ರಾಂ ಮಣ್ಣಿಗೆ ಬಣ್ಣವಿಲ್ಲದ ಒಂದು ದ್ರಾವಣ ಹಾಕಿ, ಮನುಷ್ಯರ ಮೈಯಷ್ಟೇ ಬಿಸಿಯಲ್ಲಿ ಒಂದು ಗಂಟೆ ಇಡುತ್ತಾರೆ. ಕಿಣ್ವ ಅದನ್ನು ಕತ್ತರಿಸುತ್ತದೆ. ಆಮೇಲೆ ಆ ಕೆಲಸವನ್ನು ನಿಲ್ಲಿಸುವ ದ್ರಾವಣ ಹಾಕಿದರೆ ಹಳದಿ ಬಣ್ಣ ಏಳುತ್ತದೆ. ಕಿಣ್ವ ಹೆಚ್ಚಿದ್ದಷ್ಟೂ ಹಳದಿ ಹೆಚ್ಚು.

“ಆ ಜೀವಿಗಳು ಈ ಚೀಲದಲ್ಲಿ ಇನ್ನೂ ಬದುಕಿವೆಯಾ?” ಎಂದೆ.

“ಎಲ್ಲಿಂದ ತಾಯಿ! ಎಷ್ಟೋ ಸತ್ತು ಹೋಗಿರ್ತವೆ. ಅವು ಬಿಟ್ಟ ಕಿಣ್ವ ಮಾತ್ರ ಜೇಡಿಮಣ್ಣಿಗೆ ಅಂಟ್ಕೊಂಡು ಕೆಲಸ ಮಾಡ್ತಾ ಇರುತ್ತೆ.” ತಕ್ಕಡಿ ಅಣ್ಣ ಚಮಚ ಝಾಡಿಸಿದರು. “ಯಜಮಾನ್ರು ಹೋದ್ರು ಅಂತ ಅದಕ್ಕೆ ಯಾರೂ ಹೇಳಿಲ್ಲ.”

ಪ್ರತಿ ಸಾಲಿನ ಕೊನೆಗೆ ಒಂದು ಹೋಲಿಕೆ ಬಾಟಲಿ ಇರುತ್ತದೆ. ಅದಕ್ಕೂ ಅದೇ ಮಣ್ಣು, ಅದೇ ದ್ರಾವಣ, ಅದೇ ಬಿಸಿ. ಆದರೆ ಮೊದಲೇ ನಿಲ್ಲಿಸುವ ದ್ರಾವಣ ಹಾಕಿ, ಆಮೇಲೆ ಇನ್ನೊಂದನ್ನು ಹಾಕುತ್ತಾರೆ. ಹಾಗಾಗಿ ಅದು ಹಳದಿಯಾಗುವುದೇ ಇಲ್ಲ. ನನಗೆ ಆ ಬಾಟಲಿಯ ಮುಂದೆ ನಿಂತುಕೊಳ್ಳುವುದು ರೂಢಿಯಾಗಿದೆ.

ಒಂದು ವಿಷಯ ಹೇಳಬೇಕು. ತಾಕಿನ ಚೀಲಗಳಲ್ಲಿ ಎರಡು ಬಗೆ. ‘ಸಾ.ನ.’ ಅಂದರೆ ಸಾಲಿನ ನಡುವೆ, ಒಂದು ಚೀಟಿಯಲ್ಲಿ ಪೂರ್ತಿ ಬರೆದಿತ್ತು. ಇನ್ನೊಂದು ‘ಬೇ.ಪ.’ ಆ ಬಗೆಯ ಪುಟ್ಟ ಚೀಲಗಳು ತೊಂಬತ್ತೈದು. ಏನಿರಬಹುದೆಂದು ತಲೆಯೆತ್ತಿದೆ. ಎದುರು ಗೋಡೆಯ ಮೇಲೆ ನಿಯಮಗಳ ಹಲಗೆ ಇದೆ: ‘ಬೇಲಿ, ಕಾಲುದಾರಿ, ಮರದ ಬುಡ, ಗೊಬ್ಬರದ ಗುಂಡಿ ಇವುಗಳ ಪಕ್ಕದ ಮಣ್ಣನ್ನು ತೆಗೆಯತಕ್ಕದ್ದಲ್ಲ.’ ಬೇಲಿ ಪಕ್ಕ. ತೊಂಬತ್ತೈದು ಸಲ ಬರೆದೆ.

ಮೇಡಂ ರಿಜಿಸ್ಟರ್ ನೋಡಿ ಕನ್ನಡಕ ತೆಗೆದರು. “ಇಷ್ಟು ವರ್ಷ ಕೆಲಸ ಮಾಡಿದವರು ಬೇಲಿ ಪಕ್ಕದ ಮಣ್ಣು ತೆಗೆದಿದ್ದಾರಾ? ಅವರಾ?” ಎಂದರು. ಆ ಮಣ್ಣು ಲೆಕ್ಕಕ್ಕೆ ಬಾರದು ಎಂದಾಯಿತು. ಅಮ್ಮ ಅದನ್ನೆಲ್ಲ ಈ ವರ್ಷ ಒಟ್ಟಿಗೆ ಇನ್ನೊಮ್ಮೆ ಪರೀಕ್ಷಿಸುವವಳಿದ್ದಳಂತೆ. ವರದಿಯಿಂದಲೂ ಆ ಅಂಕಣ ತೆಗೆಯುತ್ತಾರೆ. ಜಾಗ ಖಾಲಿ ಮಾಡಬೇಕೆಂದು ಚೀಲಗಳನ್ನು ಹಿತ್ತಲ ಗುಡ್ಡೆಗೆ ಸುರಿಯಲು ಹೇಳಿದರು. ನಾನೇ ಸುರಿದೆ. ಮಧ್ಯಾಹ್ನವೆಲ್ಲ ಹಿಡಿಯಿತು.

ನಿ.ತಂ.


ಏಪ್ರಿಲ್ ೧೨

ಪೆನ್ಸಿಲ್ಲು,

ಅಮ್ಮನ ಮೇಲೆ ನನಗೆ ಸಾವಿರ ದೂರು ಇದೆ. ಆದರೆ ಬಸ್ಸಿನಲ್ಲಿ ‘ಒರಗಬೇಡಿ’ ಅಂತ ಬರೆದಿದ್ದರೆ ಮೂರು ಗಂಟೆ ನೆಟ್ಟಗೆ ಕೂತು ಬರೋ ಹೆಂಗಸು ಅವಳು. ಬೇಲಿ ಪಕ್ಕದಲ್ಲಿ ತೊಂಬತ್ತೈದು ಸಲ ಬಗ್ಗಿದಳು ಅಂದರೆ ನಾನು ನಂಬಲ್ಲ. ನಿಮ್ಮ ಮೇಡಂಗೆ ಹೇಳು. ನೀನು ಹೇಳಲ್ಲ, ಗೊತ್ತು.

ಸಾಕಾದರೆ ಇಲ್ಲಿಗೆ ಬಂದುಬಿಡು. ಮೇಲಿನ ಕೋಣೆ ಖಾಲಿ ಇದೆ. ಗೋದಿ ಹಿಟ್ಟಿಗೆ ಯಾವ ಚೀಟಿಯೂ ಬೇಕಾಗಲ್ಲ.

ಅ.


ಏಪ್ರಿಲ್ ೨೭

ಅಕ್ಕಾ,

ಮೊನ್ನೆ ಮೊದಲ ಸಲ ಅಮ್ಮನ ತಾಕಿಗೆ ಹೋದೆ. ತಕ್ಕಡಿ ಅಣ್ಣ ತೇವ ಅಳೆಯಲು ಹೊರಟಿದ್ದರು, ಜೊತೆಗೆ ಕರೆದುಕೊಂಡು ಹೋದರು. ಪ್ರಯೋಗಾಲಯದ ಹಿಂದೆ, ನೀರಿನ ಟ್ಯಾಂಕು ದಾಟಿ ಎಂಟು ನಿಮಿಷದ ನಡಿಗೆ. ಸಾಲಾಗಿ ನೆಟ್ಟ ಹುಲ್ಲಿನ ಒಂದು ಚೌಕ. ನಾಲ್ಕು ಮೂಲೆಗೆ ನಾಲ್ಕು ಕಲ್ಲು, ಸುಣ್ಣ ಬಳಿದದ್ದು. ಬೇರೇನೂ ಇಲ್ಲ.

ಅಲ್ಲಿಗೆ ಬೇಲಿಯೇ ಇಲ್ಲ, ಅಕ್ಕಾ.

“ಬೇಲಿ ಎಲ್ಲಿ?” ಎಂದೆ.

“ಯಾವ ಬೇಲಿ? ನಿಮ್ಮಮ್ಮ ಬೇಲಿ ಹಾಕೋಕೆ ಬಿಟ್ಟಿದ್ರೆ ತಾನೆ. ತಂತಿ ತುಕ್ಕು ಮಣ್ಣಿಗೆ ಇಳಿಯುತ್ತೆ ಅಂತ ಹತ್ತೊಂಬತ್ತು ವರ್ಷ ರಂಪ ಮಾಡಿದ್ರು.”

“ಹಾಗಾದ್ರೆ ಬೇ.ಪ. ಅಂದ್ರೆ?”

“ನಂಗೆ ನಂಬರ್ ಕೊಡ್ತಾರೆ, ತೂಗ್ತೀನಿ ತಾಯಿ. ಹೆಸರು ಕೇಳಿದವನಲ್ಲ.” ಆಮೇಲೆ, ನಾನು ಕೇಳದೆ, ಒಂದು ಬುಡ ಹುಲ್ಲು ಕಿತ್ತು ಕೊಡವಿದರು. ಮಣ್ಣೆಲ್ಲ ಉದುರಿತು. “ನಿಮ್ಮಮ್ಮ ಹೀಗೆ ಮಾಡ್ತಿದ್ರು. ಉದುರಿದ್ದು ಬೇಡ. ಎಷ್ಟು ಕೊಡವಿದರೂ ಬೇರಿಗೆ ಅಂಟ್ಕೊಂಡು ಉಳಿಯುತ್ತಲ್ಲ, ಈ ಇಷ್ಟು, ಇದು ಬೇಕಾಗಿತ್ತು ಅವರಿಗೆ. ಬೇರು ಇದ್ದ ಕಡೆಯೇ ಕಿಣ್ವ ಜಾಸ್ತಿ ಅಂತ. ಇಲ್ಲೇ ಕೂತ್ಕೊಂಡು ಬ್ರಷ್‌ನಲ್ಲಿ ಒಂದೊಂದೇ ಎಳೆ ಸವರಿ ತೆಗೀತಿದ್ರು. ಒಂದು ಚೀಲ ತುಂಬೋಕೆ ಒಂದು ಬೆಳಗು. ಮರದ ಹಿಡಿಯ ಬ್ರಷ್ಷು, ಎಲ್ಲಿ ಇಟ್ಟಿದ್ದಾರೋ.”

ಬೇರು ಪಕ್ಕ.

ಬ್ರಷ್ ಎಲ್ಲಿದೆ ಎಂದು ನಾನು ಅವರಿಗೆ ಹೇಳಲಿಲ್ಲ. ತೊಂಬತ್ತೈದು ಬೆಳಗುಗಳನ್ನು ಎಲ್ಲಿ ಸುರಿದೆ ಎಂದೂ ಹೇಳಲಿಲ್ಲ. ವಾಪಸು ಬರುವಾಗ ಹಿತ್ತಲ ಗುಡ್ಡೆ ನೋಡಿದೆ. ಅದರ ಮೇಲೆ ಕಟ್ಟಡದ ಕೆಲಸದವರ ಇಟ್ಟಿಗೆ ಚೂರು ಬಿದ್ದಿದೆ. ನನ್ನ ಮೇಜಿಗೆ ಬಂದು ಮುಂದಿನ ಪುಟಕ್ಕೆ ಗೆರೆ ಎಳೆದೆ. ಗೆರೆ ನೆಟ್ಟಗೇ ಬಂತು.

ನಿ.ತಂ.


ಮೇ ೧೮

ಅಕ್ಕಾ,

ನೀನು ಉತ್ತರ ಬರೆದಿಲ್ಲ. ನಾಲ್ಕು ಪದ ಬರೆದರೂ ಸಾಕು, ಬೈದು ಬರೆದರೂ ಸಾಕು. ಬೇಡವೆಂದರೂ ಸರಿ.

ನಿನ್ನೆ ಮೇಡಂ ಒಳಗೆ ಕರೆದರು. ನನ್ನ ರಿಜಿಸ್ಟರ್ ಮುಂದಿಟ್ಟುಕೊಂಡಿದ್ದರು. “ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ. ಇಂಥ ಕೈ ನನಗೆ ಬೇಕು. ಕಾಯಂ ಮಾಡೋಕೆ ಬರೆದಿದ್ದೀನಿ” ಎಂದರು. ಕುರ್ಚಿ ತೋರಿಸಿದರು. ಕೂತೆ. ಟೀ ತರಿಸಿದರು. ಕುಡಿದೆ. ನಾನು ಬಾಯಿ ತೆರೆದೆ ಎಂದು ನನಗನ್ನಿಸಿತು, ಆದರೆ ಬಂದದ್ದು “ಥ್ಯಾಂಕ್ಯೂ ಮೇಡಂ” ಮಾತ್ರ.

ಆಮೇಲೆ ಅವರೇ ಹೇಳಿದರು, ಅಮ್ಮನ ತಾಕಿನಿಂದ ಇನ್ನೇನೂ ಹೊರಡುವ ಹಾಗಿಲ್ಲವಂತೆ. ಸಾಲಿನ ನಡುವಿನ ಮಣ್ಣಿನಲ್ಲಿ ಅಂಥ ವ್ಯತ್ಯಾಸವೇನೂ ಕಂಡಿಲ್ಲ. ಬೇಲಿ ಪಕ್ಕದ್ದು ಕೈಬಿಟ್ಟಾಯಿತು. ಜೂನ್ ೨೦ಕ್ಕೆ ಉಳಿದ ತಾಕುಗಳ ಜೊತೆ ಅದಕ್ಕೂ ರಂಜಕದ ಗೊಬ್ಬರ ಹಾಕಿಸುತ್ತಾರೆ. “ಪಾಪ, ಅವರಿಗೆ ಬೇಜಾರಾಗೋದು. ಏನ್ಮಾಡೋದು, ಮಣ್ಣು ತೆಗೆಯುವಾಗಲೇ ಎಡವಿದ್ರು” ಎಂದರು. ದನಿಯಲ್ಲಿ ನಿಜವಾಗಿ ಮರುಕವಿತ್ತು.

ಒಂದು ಸಲ ಗೊಬ್ಬರ ಬಿದ್ದರೆ ಅದು ಹಸಿದ ಮಣ್ಣಲ್ಲ. ಇನ್ನೊಮ್ಮೆ ಹಸಿಯಲು ಇನ್ನೆಷ್ಟು ವರ್ಷ ಬೇಕೋ.

ನಾನು ಹೇಳಬೇಕಾದದ್ದು ಒಂದೇ ಪದ. ಅದೂ ಒಂದೇ ಅಕ್ಷರದ ತಿದ್ದುಪಡಿ. ‘ಲಿ’ ಅಲ್ಲ, ‘ರು’. ಐದು ವರ್ಷ ಪುಸ್ತಕ ಓದಿ ಕಲಿತದ್ದು ಇಷ್ಟೇ ಇದ್ದರೂ ಸಾಕಾಗಿತ್ತು. ದಿನಾ ಬೆಳಿಗ್ಗೆ ಅವರ ಬಾಗಿಲವರೆಗೆ ಹೋಗುತ್ತೇನೆ. ಬಾಗಿಲಿನ ಹಿಡಿ ತಣ್ಣಗಿರುತ್ತದೆ. ವಾಪಸು ಬರುತ್ತೇನೆ. ಹೆದರಿಕೆಯೂ ಅಲ್ಲ. ಹೆದರಿಕೆಯಾಗಿದ್ದರೆ ಎದೆ ಹೊಡೆದುಕೊಳ್ಳುತ್ತಿತ್ತಲ್ಲ.

ನಿ.ತಂ.


ಜೂನ್ ೬

ಪೆನ್ಸಿಲ್ಲು,

ಐದೂವರೆ ವಾರ ಉತ್ತರ ಬರೆಯಲಿಲ್ಲ. ಕೋಪ ನಿನ್ನ ಮೇಲಲ್ಲ.

ನಿನ್ನ ಏಪ್ರಿಲ್ ಪತ್ರ ಓದಿ ಮೇಲೆ ಹೋದೆ. ಅಮ್ಮನ ಆ ಕಾರ್ಡು, ಸ್ವೆಟರಿಗೆ ಬಂದ ಉತ್ತರ ಅಂದೆನಲ್ಲ, ಅದನ್ನು ಹುಡುಕಿದೆ. ಬಿಸಾಡಿದ್ದೇನೆ ಅಂದುಕೊಂಡಿದ್ದೆ. ಬಿಸಾಡಿರಲಿಲ್ಲ. ಅದರಲ್ಲಿ ಇರುವುದು ಇಷ್ಟು, ಇದ್ದ ಹಾಗೇ ಬರೆಯುತ್ತೇನೆ:

‘ಬೇ.ಪ. ಹಳದಿ ಜಾಸ್ತಿ ಈ ಸಲ. ಅ.’

ನಾನು ನಾಲ್ಕು ವರ್ಷ ಇದನ್ನು ಹೇಗೆ ಓದಿದೆ ಗೊತ್ತಾ? ಬೇಜಾರು ಪಡಬೇಡ, ಸ್ವೆಟರಿನಲ್ಲಿ ಹಳದಿ ಜಾಸ್ತಿ ಆಯ್ತು ಈ ಸಲ. ಬಾಯಲ್ಲಿ ಬೇಜಾರು ಪಡಬೇಡ ಅನ್ನೋದು, ಕೈಯಲ್ಲಿ ಚಿವುಟೋದು, ಅಂತ ಉರಿದು ಹೋದೆ. ಒಂದು ಸಾಲು ಉತ್ತರ ಬರೆಯಲಿಲ್ಲ. ಅವಳೂ ಕೇಳಲಿಲ್ಲ. ನೀನು ಫೋನ್ ಮಾಡಿ ಅಮ್ಮನಿಗೆ ಹುಷಾರಿಲ್ಲ ಅಂದಾಗಲೂ ನಾನು ಇನ್ನೊಂದು ವಾರ ತಡೆದು ಹೊರಟೆ. ಆಮೇಲಿನದು ನಿನಗೆ ಗೊತ್ತು.

ಅವಳು ಸ್ವೆಟರಿನ ಮಾತೇ ಆಡಿರಲಿಲ್ಲ. ಬೇರಿನ ಮಣ್ಣು ಹಳದಿ ಬಂತು ಅಂತ ನನಗೆ ಹೇಳುತ್ತಿದ್ದಳು. ಆವತ್ತು ಅವಳಿಗೆ ಅಷ್ಟು ಖುಷಿ ಆಗಿರಬೇಕು, ಜಗಳ ಆಡಿದ ಮಗಳಿಗೂ ಹೇಳೋಣ ಅನ್ನಿಸುವಷ್ಟು. ನಾನು ಅವಳ ಹಿರಿಯ ಮಗುವಿನ ಕ್ಷೇಮ ಸಮಾಚಾರ ಕೇಳದೆ ಕಾರ್ಡು ಮಡಚಿಟ್ಟೆ.

ಎರಡೇ ಅಕ್ಷರ. ನೀನು ಬೇಲಿ ಅಂತ ಓದಿದೆ, ನಾನು ಬೇಜಾರು ಅಂತ ಓದಿದೆ. ಅವಳ ಹೊಟ್ಟೆಯಲ್ಲಿ ಹುಟ್ಟಿದವರು ಇಬ್ಬರೇ, ಇಬ್ಬರಿಗೂ ಅವಳ ಅಕ್ಷರ ಬರಲಿಲ್ಲ.

ಬ್ರಷ್ ವಾಪಸು ಕಳಿಸಿದ್ದೇನೆ. ಬಿಸಿನೀರಲ್ಲಿ ಮೂರು ಸಲ ತೊಳೆದೆ. ಮೊದಮೊದಲು ಹಾಲು ಸವರುವಾಗ ಒಂದಿಷ್ಟು ಕಂದು ಬಣ್ಣ ಬಿಡುತ್ತಿತ್ತು, ಮರದ ಬಣ್ಣ ಅಂದುಕೊಂಡೆ. ಅಂತೂ ಈ ಊರಿನ ಜನಕ್ಕೆಲ್ಲ ಅಮ್ಮನ ಮಣ್ಣು ತಿನ್ನಿಸಿದ್ದೇನೆ. ಒಬ್ಬರೂ ದೂರಲಿಲ್ಲ. ಒಬ್ಬ ಮುದುಕರಂತೂ ‘ಈಗೀಗ ನಿನ್ನ ಬನ್ನಿಗೆ ರುಚಿ ಬಂದಿದೆ’ ಅಂದರು.

ಮೇಡಂಗೆ ಹೇಳು ಅಂತ ನಾನು ಹೇಳಲ್ಲ. ಹೇಳೋ ಮುಖ ನನಗಿಲ್ಲ.

ಅ.


ಜೂನ್ ೧೯

ಪ್ರೀತಿಯ ಅಕ್ಕಾ,

ಈಗ ಒಂಬತ್ತು ಗಂಟೆ ಹತ್ತು ನಿಮಿಷ. ಮೇಡಂ ಹತ್ತಕ್ಕೆ ಬರುತ್ತಾರೆ. ಅಷ್ಟರೊಳಗೆ ಇದನ್ನು ಮುಗಿಸುತ್ತೇನೆ.

ಬ್ರಷ್ ಮೊನ್ನೆ ತಲುಪಿತು. ಎಷ್ಟು ತೊಳೆದರೂ ಬುಡದಲ್ಲಿ ಒಂದು ಎಳ್ಳುಕಾಳಿನಷ್ಟು ಬನ್ನಿನ ಚೂರು ಉಳಿದಿತ್ತು. ತೆಗೆಯಲಿಲ್ಲ. ತಕ್ಕಡಿ ಅಣ್ಣನಿಗೆ ತೋರಿಸಿದೆ. ಮೂಸಿ ನೋಡಿ, “ಇದೇ. ಆದ್ರೆ ಯಾಕೆ ತಾಯಿ ಬೇಕರಿ ವಾಸನೆ?” ಎಂದರು. ಆಗ ಅವರಿಗೆ ಎಲ್ಲವನ್ನೂ ಹೇಳಿದೆ. ಬೇಲಿ, ಚೀಲಗಳು, ಗುಡ್ಡೆ, ಎಲ್ಲ. ತಡವರಿಸಿದೆ, ಎರಡು ಸಲ ಮೊದಲಿಂದ ಶುರು ಮಾಡಿದೆ. ಅವರು ಬೈಯಲಿಲ್ಲ. ತಕ್ಕಡಿಯ ತಟ್ಟೆಯನ್ನು ಬಟ್ಟೆಯಿಂದ ಬಹಳ ಹೊತ್ತು ಒರೆಸಿದರು. ಆಮೇಲೆ ಕೇಳಿದರು: “ಪ್ರತಿ ವರ್ಷದ ಅಳತೆ ಅವರ ನೋಟ್‌ಬುಕ್ಕಲ್ಲಿ ಇದೆಯಲ್ಲ? ಅದನ್ನು ಸುರಿದಿಲ್ಲ ತಾನೆ?”

ಸುರಿದಿಲ್ಲ. ಚೀಲಗಳು ಹೋದವು, ಅಂಕಣ ಉಳಿದಿದೆ. ಹತ್ತೊಂಬತ್ತು ವರ್ಷದ ಬೇ.ಪ. ಅಂಕಣವನ್ನು ನಿನ್ನೆ ಮೊದಲ ಸಲ ಓದಿದೆ. ನನಗೆ ಅಂಕಿಗಳು ಓದಲು ಬರುವುದಿಲ್ಲ, ಆದರೂ ಅವು ವರ್ಷದಿಂದ ವರ್ಷಕ್ಕೆ ಏರುತ್ತಿರುವುದು ಕಾಣುತ್ತದೆ. ನಾಲ್ಕು ವರ್ಷದ ಹಿಂದೆ ಒಂದು ಅಂಕಿಯ ಸುತ್ತ ಅಮ್ಮ ಪೆನ್ಸಿಲಿನಲ್ಲಿ ಸೊನ್ನೆ ಸುತ್ತಿದ್ದಾಳೆ. ಪಕ್ಕದಲ್ಲಿರುವ ತಾರೀಖನ್ನು ನಿನ್ನ ಕಾರ್ಡಿನ ಅಂಚೆ ಮುದ್ರೆಯ ಜೊತೆ ಹೋಲಿಸಿ ನೋಡು. ಅಕ್ಟೋಬರ್ ಹನ್ನೊಂದು.

ಇವತ್ತು ಏಳಕ್ಕೇ ಬಂದು ರಿಜಿಸ್ಟರ್ ತೆಗೆದೆ. ಶೀತಕೋಣೆಯಿಂದ ಸ್ವೆಟರ್ ತಂದು ಹಾಕಿಕೊಂಡಿದ್ದೇನೆ, ಕೋಣೆ ತಣ್ಣಗಿದೆ ಎಂದಷ್ಟೇ. ಇಲ್ಲಿ ತಪ್ಪು ತಿದ್ದುವುದಕ್ಕೂ ಒಂದು ಕ್ರಮವಿದೆ. ಅಳಿಸುವ ಹಾಗಿಲ್ಲ, ಬಿಳಿ ಬಣ್ಣ ಬಳಿಯುವ ಹಾಗಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ, ಕೆಳಗಿನದು ಓದಲು ಸಿಗಬೇಕು, ಮೇಲೆ ಸರಿಯಾದದ್ದು, ಪಕ್ಕದಲ್ಲಿ ತಿದ್ದಿದವರ ಸಹಿ. ತೊಂಬತ್ತೈದು ಸಲ ಬೇಲಿಯನ್ನು ಹೊಡೆದು ಬೇರು ಎಂದು ಬರೆದೆ. ಚಿತ್ತಿಲ್ಲದ ರಿಜಿಸ್ಟರ್ ಈಗ ನೋಡುವ ಹಾಗಿಲ್ಲ. ಐವತ್ತು ದಾಟಿದ ಮೇಲೆ ಒಂದು ಪುಟದ ಮೇಲೆ ನೀರು ಬಿತ್ತು. ನನ್ನದೇ. ಒಂದು ಸಹಿ ಕಲೆಸಿತು, ಪಕ್ಕದಲ್ಲಿ ಇನ್ನೊಂದು ಹಾಕಿದೆ. ಅಷ್ಟೇ, ಆಮೇಲೆ ಮತ್ತೆ ಮೊದಲಿನ ಹಾಗೆ.

ಮೇಡಂ ಮುಂದೆ ನನಗೆ ಮಾತು ಬರುವುದಿಲ್ಲ ಎಂದು ಗೊತ್ತು. ಅದಕ್ಕೆ ರಿಜಿಸ್ಟರನ್ನೇ ತೆರೆದಿಡುತ್ತೇನೆ. ಹೇಳಬೇಕಾದದ್ದನ್ನು ಒಂದು ಕಾಗದದಲ್ಲಿ ಬರೆದುಕೊಂಡಿದ್ದೇನೆ: ‘ಮಣ್ಣು ತೆಗೆದವರು ತಪ್ಪು ಮಾಡಿಲ್ಲ. ಓದಿದವಳು ಮಾಡಿದ್ದು. ನಾಳೆ ಆ ತಾಕಿಗೆ ಗೊಬ್ಬರ ಹಾಕಿಸಬೇಡಿ.’ ಇಷ್ಟನ್ನು ಗಟ್ಟಿಯಾಗಿ ಓದುತ್ತೇನೆ. ಓದುವುದು ನನಗೆ ಬರುತ್ತದೆ.

ಕೆಲಸ ಉಳಿಯುತ್ತದೆಯೋ ಇಲ್ಲವೋ, ಗೊತ್ತಿಲ್ಲ. ನಿನ್ನ ಮೇಲಿನ ಕೋಣೆಯನ್ನು ಸದ್ಯಕ್ಕೆ ಯಾರಿಗಾದರೂ ಕೊಡು. ಉಳಿದರೂ, ಉಳಿಯದಿದ್ದರೂ, ಅವರ ಕೋಣೆಯಿಂದ ಹೊರಬಂದು ನಾನು ನೀರಿನ ಟ್ಯಾಂಕು ದಾಟಿ ಹೋಗುತ್ತೇನೆ. ಒಂದು ಬುಡ ಹುಲ್ಲು ಕಿತ್ತು ಕೊಡವುತ್ತೇನೆ. ಉದುರಿದ್ದು ಉದುರಲಿ. ಉಳಿದದ್ದನ್ನು ಸವರಿ ಒಂದು ಚೀಲಕ್ಕೆ ಹಾಕುತ್ತೇನೆ. ಇಪ್ಪತ್ತನೇ ವರ್ಷದ್ದು.

ಚೀಟಿಯನ್ನು ಮಾತ್ರ ಪೂರ್ತಿ ಬರೆಯುತ್ತೇನೆ.

ನಿನ್ನ ತಂಗಿ